ಜಾಮೀನು ಪಡೆದು ದೇಶ ಬಿಟ್ಟವರು: ಮಾದಕವಸ್ತು ಪ್ರಕರಣಗಳ ನಾಲ್ಕು ದಶಕ

1985ರ ನವೆಂಬರ್‌ನಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದಾಗ ಗಂಭೀರ ಅಪರಾಧಗಳಿಗೆ ಕನಿಷ್ಠ 10 ವರ್ಷ ಶಿಕ್ಷೆ ನಿಗದಿಯಾಗಿತ್ತು. ಜಾಮೀನಿಗೆ ಮಾತ್ರ ಈಗಿರುವಂತಹ ಕಟ್ಟುಪಾಡು ಇರಲಿಲ್ಲ. ತಾಂತ್ರಿಕ ಕಾರಣಗಳಿಂದ ಆರೋಪಿಗಳು ಜಾಮೀನಿನ ಮೇಲೆ ಹೊರಬರುತ್ತಿದ್ದಾರೆ ಎಂದು ಸರ್ಕಾರವೇ 1988ರ ತಿದ್ದುಪಡಿ ಮಸೂದೆಯ ಉದ್ದೇಶಗಳಲ್ಲಿ ಬರೆದುಕೊಂಡಿತು. 1989ರ ಮೇ ತಿಂಗಳಿಂದ 37ನೇ ಸೆಕ್ಷನ್ ಬಿಗಿಯಾಯಿತು. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ವಿಚಾರಣೆಯೇ ನಡೆಯದಿರುವಾಗ ಈ ತೀರ್ಮಾನಕ್ಕೆ ಬರುವುದು ಸುಲಭವಲ್ಲ.

ಬಾಗಿಲು ಮುಚ್ಚಿದರೂ ಒಳಗೆ ವಿಚಾರಣೆ ಮುಂದೆ ಸಾಗಲಿಲ್ಲ. ವಿಶೇಷ ನ್ಯಾಯಾಲಯಗಳು ಸಾಲದೆ ವಿಚಾರಣಾಧೀನ ಕೈದಿಗಳು ವರ್ಷಗಟ್ಟಲೆ ಕೊಳೆತರು. ಅವರ ಪರವಾಗಿ ಸುಪ್ರೀಂ ಕೋರ್ಟ್‌ನ ಕಾನೂನು ನೆರವು ಸಮಿತಿ ಹೂಡಿದ ಅರ್ಜಿಯ ಮೇಲೆ 1994ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು ಇಂದಿನ ಗೊಂದಲದ ಮೂಲಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಕನಿಷ್ಠ 10 ವರ್ಷ ಶಿಕ್ಷೆಯ ಆರೋಪ ಹೊತ್ತು 5 ವರ್ಷ ಜೈಲಿನಲ್ಲಿ ಕಳೆದವರನ್ನು ಒಂದು ಲಕ್ಷ ರೂಪಾಯಿಯ ಬಾಂಡ್, ಇಬ್ಬರು ಜಾಮೀನುದಾರರ ಮೇಲೆ ಬಿಡಿ ಎಂದಿತು ನ್ಯಾಯಾಲಯ. ಆರೋಪಿ ವಿದೇಶಿಯಾದರೆ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಬೇಕು. ಜೊತೆಗೆ ಈತ ಭಾರತ ಬಿಟ್ಟು ಹೋಗುವುದಿಲ್ಲ, ಕರೆದಾಗ ಹಾಜರಾಗುತ್ತಾನೆ ಎಂದು ಅವನ ದೇಶದ ರಾಯಭಾರ ಕಚೇರಿ ಪ್ರಮಾಣಪತ್ರ ಕೊಡಬೇಕು.

ಅದು ಅಂದು ಬಾಕಿಯಿದ್ದ ಪ್ರಕರಣಗಳಿಗಾಗಿ ಮಾಡಿದ ಒಂದು ಬಾರಿಯ ಏರ್ಪಾಡು. ಆದರೆ ಕೆಳ ನ್ಯಾಯಾಲಯಗಳು ಅದನ್ನೇ ಮೂರು ದಶಕ ನಕಲು ಮಾಡುತ್ತ ಬಂದವು. ಯಾವುದೋ ದೇಶದ ರಾಯಭಾರಿ ತನ್ನ ಪ್ರಜೆಯ ಕಾಲಿಗೆ ಸರಪಳಿ ಹಾಕಿ ಕಾಯಬಲ್ಲನೇ? ಪತ್ರ ಸಿಗದವನು ಜಾಮೀನು ಮಂಜೂರಾದರೂ ಜೈಲಿನಲ್ಲೇ ಉಳಿದ. ಸಿಕ್ಕವನ ಮೇಲೆ ನಿಗಾ ಇಡುವ ಶಕ್ತಿ ಆ ಪತ್ರಕ್ಕೆ ಎಂದೂ ಇರಲಿಲ್ಲ.

ಜಾಮೀನುದಾರರ ಕಥೆ ಇನ್ನೂ ಸಂಕಟದ್ದು. ಊರಿನವನಾದರೆ ಅಣ್ಣನೋ ಮಾವನೋ ಪಹಣಿ ಹಿಡಿದು ಕೋರ್ಟಿಗೆ ಬರುತ್ತಾರೆ. ಆರೋಪಿ ಓಡಿದರೆ ಅವರ ಜಮೀನಿಗೇ ಕುತ್ತು ಎಂಬ ಭಯವೇ ಅವನನ್ನು ಕಟ್ಟಿಹಾಕುತ್ತದೆ. ಪರದೇಶದಿಂದ ಬಂದವನಿಗೆ ಇಲ್ಲಿ ಯಾರಿದ್ದಾರೆ? ಹಣ ಪಡೆದು ಸಹಿ ಹಾಕುವವರನ್ನೇ ಅವನು ಹುಡುಕಬೇಕು. ನಕಲಿ ಪಹಣಿ, ನಕಲಿ ಆಧಾರ್ ಕೊಟ್ಟು ಜಾಮೀನು ನಿಲ್ಲುವ ಜಾಲಗಳನ್ನು ಬೆಂಗಳೂರಿನ ಪೊಲೀಸರೇ ಬಯಲಿಗೆಳೆದಿದ್ದಾರೆ. ಇಂಥ ಶ್ಯೂರಿಟಿಯ ಬಾಂಡ್ ಮುಟ್ಟುಗೋಲು ಹಾಕಿಕೊಂಡರೆ ಕೈಗೆ ಸಿಗುವುದು ಬರೀ ಕಾಗದ.

ಪಾಸ್‌ಪೋರ್ಟ್ ವಿಷಯದಲ್ಲೂ ತೊಡಕಿತ್ತು. ಪೊಲೀಸರು ಅದನ್ನು ವಶಕ್ಕೆ ಪಡೆಯಬಹುದು, ಆದರೆ ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಕಾಯ್ದೆಯಡಿಯ ಪ್ರಾಧಿಕಾರಕ್ಕೆ ಮಾತ್ರ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬೇರೆ ಹೆಸರಿನ ನಕಲಿ ಪಾಸ್‌ಪೋರ್ಟ್ ಇದ್ದವನಿಗೆ ಇದ್ಯಾವುದೂ ಅಡ್ಡಿಯಲ್ಲ. ಲುಕ್‌ಔಟ್ ಸುತ್ತೋಲೆ ವಿಮಾನ ನಿಲ್ದಾಣದಲ್ಲಿ ತಡೆಯಬಲ್ಲದು. ಭಾರತ ಮತ್ತು ನೇಪಾಳದ ನಡುವಿನ ಬೇಲಿಯಿಲ್ಲದ 1,751 ಕಿಲೋಮೀಟರ್ ಗಡಿಯಲ್ಲಿ ಅದರ ಬಲ ಅಷ್ಟಕ್ಕಷ್ಟೆ.

ಜಾಮೀನು ಪಡೆದು ಹಾಜರಾಗದವನಿಗೆ ಹೆಚ್ಚೆಂದರೆ ಒಂದು ವರ್ಷ ಸಜೆ. ವಾಣಿಜ್ಯ ಪ್ರಮಾಣದ ಹೆರಾಯಿನ್, ಅಂದರೆ 250 ಗ್ರಾಂಗಿಂತ ಹೆಚ್ಚು, ಇಟ್ಟುಕೊಂಡವನಿಗೆ 10ರಿಂದ 20 ವರ್ಷ. ಓಡಿಹೋಗುವವನ ಲೆಕ್ಕ ಅರ್ಥವಾಗದ್ದೇನಲ್ಲ.

ಹಾಗೆಂದು ಯಾರಿಗೂ ಜಾಮೀನು ಬೇಡ ಎನ್ನುವವರ ಜೊತೆ ನಾನಿಲ್ಲ. ಅತಿಯಾದ ವಿಳಂಬವಾದರೆ 37ನೇ ಸೆಕ್ಷನ್ ಇದ್ದರೂ ಜಾಮೀನು ಕೊಡಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನ್ಯಾಯವೇ. ಪ್ರಯೋಗಾಲಯದ ವರದಿಗೆ, ಸಾಕ್ಷಿಗಳಾದ ಅಧಿಕಾರಿಗಳಿಗೆ ಕಾಯುತ್ತ ವರ್ಷಗಳು ಉರುಳಿದರೆ ನಿರಪರಾಧಿ ಒಳಗೇ ಉಳಿಯುತ್ತಾನೆ, ಹಣವಿದ್ದ ಸಾಗಣೆದಾರ ಅದೇ ವಿಳಂಬ ತೋರಿಸಿ ಹೊರಬಂದು ಗಡಿ ದಾಟುತ್ತಾನೆ. ಪರಾರಿಯ ದಾರಿ ತೆರೆಯುವುದು ಜಾಮೀನು ಆದೇಶಕ್ಕೂ ಬಹಳ ಮೊದಲು, ಮುಂದೂಡಿದ ಒಂದೊಂದು ವಾಯಿದೆಯಲ್ಲಿ.

2014ರಲ್ಲಿ ಬಂಧಿತನಾದ ನೈಜೀರಿಯಾ ಪ್ರಜೆಯೊಬ್ಬನ ಪ್ರಕರಣದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹಳೆಯ ಷರತ್ತುಗಳನ್ನು ಒರೆಗೆ ಹಚ್ಚಿತು. ಆರೋಪಿ ತಾನಿರುವ ಜಾಗವನ್ನು ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿ ತೋರಿಸಬೇಕೆಂಬ ಷರತ್ತನ್ನು ರದ್ದುಪಡಿಸಿತು; ಆ ಪಿನ್‌ನಿಂದ ವ್ಯಕ್ತಿಯ ಚಲನವಲನ ತಿಳಿಯುವುದಿಲ್ಲ ಎಂದು ಗೂಗಲ್ ಕಂಪನಿಯೇ ತಿಳಿಸಿತ್ತು. ರಾಯಭಾರ ಕಚೇರಿಯ ಪತ್ರ ಎಲ್ಲ ಪ್ರಕರಣಗಳಲ್ಲೂ ಕಡ್ಡಾಯವಲ್ಲ ಎಂದಿತು. 2025ರ ಜನವರಿಯಲ್ಲಿ ಮತ್ತೊಂದು ಆದೇಶ ಬಂತು: ವಿದೇಶಿಗೆ ಜಾಮೀನು ಸಿಕ್ಕ ಕೂಡಲೇ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇಷ್ಟು ಸರಳ ಏರ್ಪಾಡಿಗೆ 40 ವರ್ಷ ಕಾಯಬೇಕಾಯಿತಲ್ಲ ಎಂಬುದು ನನ್ನ ಸಿಟ್ಟು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಸೆಕ್ಷನ್, ತಲೆಮರೆಸಿಕೊಂಡಿದ್ದಾನೆಂದು ನ್ಯಾಯಾಲಯ ಸಾರಿದ ಆರೋಪಿಯ, ಅಂದರೆ ಘೋಷಿತ ಅಪರಾಧಿಯ, ಗೈರಿನಲ್ಲೇ ವಿಚಾರಣೆ ಮುಗಿಸಿ ತೀರ್ಪು ನೀಡಲು ಅವಕಾಶ ಕೊಟ್ಟಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಘೋಷಿತ ಅಪರಾಧಿ ಎನ್ನಲು ಇದ್ದ ಪಟ್ಟಿಯಲ್ಲಿ ಭಾರತೀಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್‌ಗಳಷ್ಟೇ ಇದ್ದವು; ಈಗ 10 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳೆಲ್ಲ ಸೇರುತ್ತವೆ. ಆದರೆ ಆರೋಪ ನಿಗದಿಯಾಗಿ 90 ದಿನ ಕಳೆಯಬೇಕು, ಎರಡು ವಾರಂಟ್ ಹೊರಟಿರಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಶಿಕ್ಷೆಯಾದ ಮೇಲೂ ಅವನನ್ನು ಕರೆತರಲು ಹಸ್ತಾಂತರದ ಮನವಿ ಹೋಗಬೇಕು, ಅದನ್ನು ಅವನಿರುವ ದೇಶ ಒಪ್ಪಬೇಕು.