18 ತುಂಬಿದವರ ಚಿಕಿತ್ಸೆಗೆ ಯಾರ ಸಹಿ?

ಮಂಗಳೂರು, ಮಣಿಪಾಲದ ಹಾಸ್ಟೆಲು, ಪಿಜಿಗಳಲ್ಲಿ ಓದುವ ಹಲವು ಮಕ್ಕಳ ತಂದೆತಾಯಿ ಗಲ್ಫಿನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಮನಸ್ಸು ಕುಸಿದ ವಿದ್ಯಾರ್ಥಿನಿಯೊಬ್ಬಳನ್ನು ನಡುರಾತ್ರಿ ಆಸ್ಪತ್ರೆಗೆ ಕರೆತಂದರೆ ಜೊತೆಗಿರುವುದು ವಾರ್ಡನ್, ರೂಮ್‌ಮೇಟ್, ಫೋನಿನಲ್ಲಿ ಅಪ್ಪ. ಸಹಿ ಯಾರು ಹಾಕಬೇಕು ಎಂಬಲ್ಲೇ ಎಲ್ಲರೂ ತಡವರಿಸುತ್ತಾರೆ. ಕಾನೂನಿನಲ್ಲಿ ಉತ್ತರವಿದೆ, ಅದು ದುರಂತದಿಂದ ದುರಂತಕ್ಕೆ ಬೆಳೆದದ್ದರಿಂದ ಗೋಜಲಾಗಿದೆ.

ಮಾನಸಿಕ ರೋಗಿಗಳ ಬಗ್ಗೆ ಬಂದ 1858 ಮತ್ತು 1912ರ ಬ್ರಿಟಿಷ್ ಕಾಯ್ದೆಗಳಿಗೆ ಬೇಕಿದ್ದದ್ದು ಅವರನ್ನು ಕೂಡಿಹಾಕುವ ಅಧಿಕಾರ. 1987ರ ಕಾಯ್ದೆಯಲ್ಲಿ ಭಾಷೆ ಸೌಮ್ಯವಾಯಿತು, ಮ್ಯಾಜಿಸ್ಟ್ರೇಟರ ಆದೇಶ ಉಳಿಯಿತು. ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು ಎಂಬುದು ನಮ್ಮ ರಾಜ್ಯಕ್ಕೆ ಹೆಮ್ಮೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸಂಕೋಲೆ ಹಾಕಿ ಇರಿಸಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. 2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿತು. ಈ ಎರಡರ ಬೆನ್ನಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. 2018ರ ಮೇ 29ರಿಂದ ಜಾರಿಯಲ್ಲಿದೆ.

ಸರಪಳಿ ನಿಷೇಧಿಸಿದ ಈ ಕಾಯ್ದೆಯೇ ಹಾಸ್ಟೆಲಿನ ಮಕ್ಕಳಿಗೂ ಅನ್ವಯ. 18 ತುಂಬಿ, ನಿರ್ಧರಿಸುವ ಸ್ಥಿತಿಯಲ್ಲಿರುವವಳು ತಾನೇ ಸಹಿ ಹಾಕಿ ದಾಖಲಾಗಬಹುದು. ಮನೆಯವರ ಒಪ್ಪಿಗೆಯೂ ಬೇಡ, ಅವರು ಎದುರಿಗಿರುವುದೂ ಬೇಡ. ಆ ಸ್ಥಿತಿ ಇಲ್ಲದಾಗ ಮಾತನಾಡುವವರು ನಾಮನಿರ್ದೇಶಿತ ಪ್ರತಿನಿಧಿ. ನೇಮಕಕ್ಕೆ ಸ್ಟಾಂಪ್ ಪೇಪರ್ ಬೇಡ: ಬಿಳಿ ಹಾಳೆಯಲ್ಲಿ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಪ್ರತಿನಿಧಿ ವಯಸ್ಕರಾಗಿದ್ದು ಬರಹದಲ್ಲಿ ಒಪ್ಪಿರಬೇಕು. ಉಡುಪಿಯಲ್ಲಿರುವ ಚಿಕ್ಕಮ್ಮನೂ ಆಗಬಹುದು, ಗೆಳತಿಯೂ ಆಗಬಹುದು.

ಎಡವುವುದು ಇಲ್ಲೇ. ಹಾಸ್ಟೆಲ್ ಅರ್ಜಿಯಲ್ಲಿ ಬರೆದ ಸ್ಥಳೀಯ ಪೋಷಕರೇ ಆ ಪ್ರತಿನಿಧಿ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ಹಾಳೆ ಇಲ್ಲದಿದ್ದರೆ ಸರದಿ ಸಂಬಂಧಿಕರಿಗೆ, ಆಮೇಲೆ ನೋಡಿಕೊಳ್ಳುವವರಿಗೆ ಹೋಗುತ್ತದೆ. ದುಬೈಯಿಂದ ಅಪ್ಪನ ವಿಮಾನ ಇಳಿಯುವವರೆಗಿನ ಹೊತ್ತು ಈ ಗೊಂದಲದಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ಗಂಟು ಹಳೆಯ ದಂಡ ಸಂಹಿತೆಯ 309ನೇ ಕಲಮು. ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗೆ ಸಜೆ. ಸುಪ್ರೀಂ ಕೋರ್ಟ್ 1994ರಲ್ಲಿ ಅದನ್ನು ರದ್ದುಮಾಡಿ 1996ರಲ್ಲಿ ಮತ್ತೆ ಎತ್ತಿಹಿಡಿಯಿತು. ಪೊಲೀಸ್ ಕೇಸಿಗೆ ಹೆದರಿದ ಮನೆಯವರು ಕ್ಯಾಶುವಾಲ್ಟಿಯಲ್ಲಿ ‘ಗೊತ್ತಾಗದೆ ಆದದ್ದು’ ಎಂದು ಬರೆಸುತ್ತಿದ್ದರು. ಚೀಟಿಯಲ್ಲಿ ಆಕಸ್ಮಿಕವೆಂದಿದ್ದರೆ ಮನೋವೈದ್ಯರಿಗೆ ಕರೆ ಹೋಗುವುದಿಲ್ಲ. ದೇಹ ಸುಧಾರಿಸಿದೊಡನೆ ಡಿಸ್ಚಾರ್ಜ್. ಅತಿ ಹೆಚ್ಚು ಆರೈಕೆ ಬೇಕಾದ ವಾರದಲ್ಲೇ ಆ ಮಗು ಒಂಟಿ. 2017ರ ಕಾಯ್ದೆಯ 115ನೇ ಕಲಮು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ಕಾಪಾಡಿತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ 309 ಉಳಿದಿಲ್ಲ. ಸರಕಾರಿ ನೌಕರರನ್ನು ಮಣಿಸಲು ಮಾಡುವ ಯತ್ನ ಮಾತ್ರ ಅಪರಾಧ. ಭಯ ಅಷ್ಟು ಬೇಗ ಅಳಿಯುವಂಥದ್ದಲ್ಲ. ಚೀಟಿಯಲ್ಲಿ ನಿಜ ಬರೆಸಿದರೆ ಜೀವ ಉಳಿಯುತ್ತದೆ ಎಂಬುದನ್ನು ಮನೆಮನೆಗೂ ಮುಟ್ಟಿಸಬೇಕಿದೆ.

ಕೊನೆಯ ಕೊಂಡಿಯೂ ಸಾವಿನದೇ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರು ಇರಲೇಬೇಕೆಂದಿತು. ಆದರೆ ಸಮಾಲೋಚಕರ ಕೋಣೆ ಪ್ರಾಂಶುಪಾಲರ ಚೇಂಬರಿಗೆ ಅಂಟಿಕೊಂಡಿದ್ದರೆ, ಶಿಸ್ತು ಸಮಿತಿಯಲ್ಲೂ ಅವರೇ ಇದ್ದರೆ ಯಾವ ಮಗುವೂ ಒಳಗೆ ಕಾಲಿಡದು. ಅಂಥ ಮಕ್ಕಳಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೂ.