ಪಾಯಕ್ಕೆ ಬೇಡವಾದ ಮಣ್ಣು ಕುಂಡಕ್ಕೆ ಯಾಕೆ?

ಕಲಬುರಗಿಯಲ್ಲಿ ಮನೆ ಕಟ್ಟುವವರು ಮೊದಲು ಎರಿ ಮಣ್ಣನ್ನು, ಅಂದರೆ ಜಿಗುಟು ಕಪ್ಪು ಮಣ್ಣನ್ನು, ಗಟ್ಟಿ ನೆಲ ಹತ್ತುವ ತನಕ ಅಗೆದು ಹೊರಗೆ ಚೆಲ್ಲುತ್ತಾರೆ. ಆಮೇಲೆ ಆ ತಗ್ಗಿಗೆ ಮೊರಂ (ಗರಸು ಮಣ್ಣು) ತರಿಸಿ ತುಂಬುತ್ತಾರೆ. ಯಾಕೆ ಅಂತ ಮೇಸ್ತ್ರಿಯನ್ನು ಕೇಳಿದರೆ, "ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಬಿರೀತದ, ಗ್ವಾಡಿ ಸೀಳ್ತದ್ರೀ" ಅನ್ನುತ್ತಾನೆ. ಇಷ್ಟು ರೊಕ್ಕ ಸುರಿದು ಎರಿ ಮಣ್ಣನ್ನು ಹೊರಗೆ ಹಾಕಿಸಿದ ಯಜಮಾನರೇ ಗೃಹಪ್ರವೇಶ ಮುಗಿದ ಮೇಲೆ ಊರಿನ ಹೊಲದಿಂದ ಟ್ರ್ಯಾಕ್ಟರ್‌ನಲ್ಲಿ ಎರಿ ಮಣ್ಣು ತರಿಸಿ, ಮಾಳಿಗೆ ಮೇಲಿನ ಡ್ರಮ್ಮುಗಳಿಗೆ ತುಂಬಿ, ಲಿಂಬಿ, ಪೇರಲ, ದಾಳಿಂಬೆ ಹಚ್ಚುತ್ತಾರೆ. ಮಳೆಗಾಲ ಬಂದಾಗ ನನಗೆ ಫೋನ್ ಬರುತ್ತದೆ.

"ದಿನಾ ನೀರು ಹಾಕ್ಲಿಕತ್ತೀವ್ರಿ, ಆದ್ರೂ ಬಾಡ್ಲಿಕತ್ತದ."

"ಮಣ್ಣು ಯಾವುದ್ರಿ?"

"ನಮ್ಮ ಹೊಲದ್ದೇ ಸರ್. ತೊಗರಿ ಬೆಳಿಯೋ ಮಣ್ಣು. ಬಂಗಾರ ಅದ."

ಹೊಲದ ಮಟ್ಟಿಗೆ ಅದು ಬಂಗಾರವೇ, ಆ ಮಾತಿಗೆ ನನ್ನ ತಕರಾರಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಇದು ಈ ನೆಲದ್ದೇ ಅನ್ನುವ ಜಿಐ ಗುರುತು, ಸಿಕ್ಕಿದೆ. ಹಿಂಗಾರಿಯಲ್ಲಿ ಮಳೆ ನಿಂತ ಮೇಲೂ ಬಿಳಿ ಜೋಳ ತಲೆದೂಗುವುದು ಈ ಮಣ್ಣು ಒಡಲಲ್ಲಿ ಹಿಡಿದಿಟ್ಟ ನೀರಿನಿಂದ. ಆದರೆ ಹೊಲದಲ್ಲಿ ನಮ್ಮನ್ನು ಸಾಕುವ ಈ ಗುಣವೇ ಕುಂಡದಲ್ಲಿ ಗಿಡವನ್ನು ಕೊಲ್ಲುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಮುಂದಿನ ವಾರ ಮತ್ತೊಂದು ಡ್ರಮ್ ತುಂಬುತ್ತಾರೆ. ಅದಕ್ಕೇ ಇವತ್ತು ಬೇರೆ ಯಾವ ಮಾತನ್ನೂ ಎತ್ತದೆ ಇದೊಂದನ್ನೇ ಜಗ್ಗಿ ಹೇಳುತ್ತೇನೆ. ಯಾವ ಗಿಡ, ಯಾವ ಗೊಬ್ಬರ, ಯಾವಾಗ ಕತ್ತರಿಸಬೇಕು ಅನ್ನುವುದೆಲ್ಲ ನರ್ಸರಿಯವರೇ ಹೇಳುತ್ತಾರೆ.

ಹೊಲದಲ್ಲಿ ಮೇಲೆ ಬಿದ್ದ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತ ಹೋಗುತ್ತದೆ. ಆಳುದ್ದ ಮಣ್ಣಿದ್ದಲ್ಲಿ ಆ ಎಳೆತ ನಿಲ್ಲುವುದಿಲ್ಲ. ಕುಂಡದಲ್ಲಿ ಒಂದೂವರೆ ಅಡಿ ಇಳಿಯುವಷ್ಟರಲ್ಲಿ ಮಣ್ಣು ಮುಗಿಯುತ್ತದೆ. ಅದರ ಕೆಳಗೆ ಒಂದು ತೂತು, ತೂತಿನಾಚೆ ಬರೀ ಗಾಳಿ. ಗಾಳಿಗೆ ನೀರನ್ನು ಎಳೆಯುವ ಶಕ್ತಿ ಇಲ್ಲ. ಹೀಗಾಗಿ ನೀರು ಹಾಕಿದಾಗಲೆಲ್ಲ ಕುಂಡದ ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಉಳಿಯುತ್ತದೆ, ಎಷ್ಟೇ ತೂತು ಕೊರೆದರೂ. ಆ ಪದರ ಎಷ್ಟು ಎತ್ತರ ಇರುತ್ತದೆ ಅನ್ನುವುದನ್ನು ನಿರ್ಧರಿಸುವುದು ಮಣ್ಣಿನ ಕಣ. ದಪ್ಪ ಉಸುಕಾದರೆ ಬೆರಳಷ್ಟು. ಎರಿ ಮಣ್ಣಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು, ಅದರಲ್ಲಿ ಒದ್ದೆ ಪದರ ಇಡೀ ಕುಂಡವನ್ನೇ ನುಂಗಬಹುದು. ಅಂದರೆ ಬೇರಿಗೆ ಉಸಿರಾಡಲು ಜಾಗವೇ ಇಲ್ಲ. ಉಸಿರು ಕಟ್ಟಿದ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎತ್ತುವುದಿಲ್ಲ, ಎಲೆ ಜೋಲುತ್ತದೆ. ಜೋತ ಎಲೆ ನೋಡಿ ನೀವು ಮತ್ತೊಂದು ಕೊಡ ಸುರಿಯುತ್ತೀರಿ.

ಜೇವರ್ಗಿ ರಸ್ತೆ ಕಡೆ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ನನಗೆ ಅವರು ಅಕ್ಕಾರು. ನಾನು ಹೋದಾಗೆಲ್ಲ ಶೇಂಗಾ ಹೋಳಿಗೆ ತಿನ್ನಿಸದೆ ಗಿಡ ತೋರಿಸುವುದಿಲ್ಲ. ಅವರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. "ಆಳ ಎಷ್ಟಾದ್ರೇನಪಾ, ಮಣ್ಣು ಅದೇ ಅಲ್ಲೇನು?" ಅಂದರು. ಅಡಿಗೆಮನೆಯಿಂದ ಪಾತ್ರೆ ತಿಕ್ಕುವ ಸ್ಪಂಜು ತರಿಸಿದೆ. ನೀರಲ್ಲಿ ಅದ್ದಿ ಅಂಗೈ ಮೇಲೆ ಅಡ್ಡಡ್ಡ ಹಿಡಿದೆ. ಒಂದಿಷ್ಟು ನೀರು ತೊಟ್ಟಿಕ್ಕಿ ನಿಂತಿತು. ಇನ್ನು ಒಂದು ಹನಿಯೂ ಬೀಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದೆ. ಮತ್ತೆ ನೀರು ಸುರಿಯಿತು. ಸ್ಪಂಜು ಬದಲಾಗಿಲ್ಲ, ಎತ್ತರ ಬದಲಾಯಿತು ಅಷ್ಟೇ. ಅಕ್ಕಾರು ಅದನ್ನು ನನ್ನ ಕೈಯಿಂದ ಕಸಿದು ತಾವೇ ನಾಲ್ಕಾರು ಸಲ ಮಾಡಿ ನೋಡಿದರು. "ಇದನ್ನ ಏಳನೇತ್ತಾ ಹುಡುಗರಿಗೆ ತೋರಿಸಬೇಕಿತ್ತು" ಅಂದರು. ಹೊಲದ ಮಣ್ಣನ್ನು ಮಾತ್ರ ಆವತ್ತು ತೆಗೆಸಲಿಲ್ಲ.

ಕಿಟಕಿಯ ಗ್ರಿಲ್ಲಿಗೆ ಉದ್ದನೆಯ ಪೆಟ್ಟಿಗೆ ಕೂರಿಸಿ ಮಲ್ಲಿಗೆ, ದಾಸವಾಳ ಹಚ್ಚುವವರೂ ಇದನ್ನು ನೆನಪಿಡಬೇಕು. ಆ ಪೆಟ್ಟಿಗೆ ಅಡ್ಡ ಹಿಡಿದ ಸ್ಪಂಜೇ. ಅದರಲ್ಲಿ ಎರಿ ಮಣ್ಣು ಒಂದು ಹಿಡಿಯೂ ಬೇಡ.

ಇಲ್ಲಿಗೆ ಬಂದಾಗ ಎಲ್ಲರೂ ಹೇಳುವ ಮಾತೊಂದಿದೆ: "ತಳಕ್ಕ ನಾಲ್ಕು ಇಂಚು ಖಡಿ ಹಾಕೀವಲ್ರೀ!" ಖಡಿಯಿಂದ, ಅಂದರೆ ಜಲ್ಲಿಕಲ್ಲಿನಿಂದ, ಉಪಯೋಗವಿಲ್ಲ. ಸಣ್ಣ ಕಣಗಳ ನಡುವೆ ಸಿಕ್ಕ ನೀರು, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವ ತನಕ, ಖಡಿಯ ದೊಡ್ಡ ಸಂದಿಗೆ ಇಳಿಯುವುದಿಲ್ಲ. ಆ ಒದ್ದೆ ಪದರ ತಳದಲ್ಲಿ ಇರುವ ಬದಲು ನಾಲ್ಕು ಇಂಚು ಮೇಲೆ ಬಂದು ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ. ಹಣಕೊಟ್ಟು ಕೊಂಡ ಡ್ರಮ್ಮಿನ ಆಳವನ್ನು ಖಡಿಗೆ ಕೊಟ್ಟಂತಾಯಿತು. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹಂಚಿನ ಚೂರು ಇಡಿ, ಸಾಕು. ಈ ಒಂದು ವಿಷಯಕ್ಕೆ ನನ್ನ ಜೊತೆ ಜಗಳ ಆಡಿದವರಲ್ಲಿ ಕೃಷಿ ಓದಿದವರೂ ಇದ್ದಾರೆ.

ಬೇಸಿಗೆಯಲ್ಲಿ ಕಥೆ ತಿರುವುಮುರುವು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ, ಮಾಳಿಗೆಯ ಫರಸಿ ಅದಕ್ಕಿಂತ ಹೆಚ್ಚು ಕಾಯುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು ಕುಂಡದಲ್ಲಿ ಒಳಕ್ಕೆ ಮುದುಡಿ ಗೋಡೆಯಿಂದ ದೂರ ಸರಿಯುತ್ತದೆ. ಆ ಸಂದಿಯಿಂದ ನೀರು ಸರಕ್ಕನೆ ಇಳಿದು ಕೆಳಗಿನ ತೂತಿನಿಂದ ಹೊರಗೆ ಬರುತ್ತದೆ. ನೀರು ಹೊರಬಂತು, ಹೊಟ್ಟೆ ತುಂಬಿತು ಅಂತ ನೀವು ಸಮಾಧಾನ ಪಡುತ್ತೀರಿ. ನಡುವಿನ ಹೆಂಟೆ ಒಣಗಿಯೇ ಇರುತ್ತದೆ. ಇನ್ನೂ ಒಂದು ತೊಡಕು: ಈ ಮಣ್ಣು ಹಿಡಿದ ನೀರೆಲ್ಲ ಗಿಡಕ್ಕೆ ಸಿಗುವುದಿಲ್ಲ. ಒಂದು ಪಾಲನ್ನು ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಬೆರಳಿಗೆ ತಂಪು ಹತ್ತುತ್ತದೆ, ಬೇರಿಗೆ ಹತ್ತುವುದಿಲ್ಲ.

ಹಾಗಾದರೆ ಏನು ತುಂಬಬೇಕು? ನಾನು ಸಾಮಾನ್ಯವಾಗಿ ಹೇಳುವುದು: ಎರಡು ಪಾಲು ಮಸಾರಿ (ಉಸುಕು ಬೆರೆತ ಹಗುರ ಮಣ್ಣು) ಅಥವಾ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ಒರಟು ಉಸುಕು. ಭಾರ ಕಡಿಮೆಯಾಗಬೇಕಿದ್ದರೆ ಉಸುಕಿನ ಜಾಗದಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಇದೇ ಕೊನೆಯ ಮಾತಲ್ಲ, ನಿಮ್ಮ ಮಣ್ಣು ನೋಡದೆ ಯಾರೂ ಅಳತೆ ಹೇಳಬಾರದು. ಎರಿ ಮಣ್ಣಿಗೇ ನಾಲ್ಕು ಪುಟ್ಟಿ (ಬುಟ್ಟಿ) ಉಸುಕು ಬೆರೆಸಿ ಸರಿಮಾಡುತ್ತೇವೆ ಅನ್ನುವವರಿಗೆ: ಅರ್ಧಕ್ಕಿಂತ ಹೆಚ್ಚು ಉಸುಕು ಬೀಳದಿದ್ದರೆ ಅದು ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು.

ಈ ವಿಷಯದಲ್ಲಿ ಬೀದರಿನವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಊರೇ ಜಂಬಿಟ್ಟಿಗೆ ಗುಡ್ಡದ ಮೇಲೆ ಕೂತಿದೆ, ಗರಸು ಬೆರೆತ ಕೆಂಪು ಮಣ್ಣು ಕಾಲಡಿಗೇ ಇದೆ. ಅದಕ್ಕೆ ಗೊಬ್ಬರ ಕೊಟ್ಟರೆ ಕುಂಡಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. "ಕೆಂಪು ಮಣ್ಣಾಗ ಸತ್ವ ಇಲ್ಲ" ಅಂತ ಭಾಲ್ಕಿ ಕಡೆಯಿಂದ ಎರಿ ಮಣ್ಣು ಹೇರಿಸಿಕೊಂಡು ಬಂದವರನ್ನು ನೋಡಿದ್ದೇನೆ. ಯಾದಗಿರಿಯವರಿಗೆ ಗ್ರಾನೈಟ್ ಕಲ್ಲಿನ ಗುಡ್ಡದ ಬುಡದಲ್ಲಿ ಉಸುಕು ಮಿಶ್ರಿತ ಮಸಾರಿ ಸಿಗುತ್ತದೆ, ಅವರ ಫೋನು ನನಗೆ ಬರುವುದೂ ಕಡಿಮೆ.

ಭಾರದ ಮಾತೂ ಇದೆ. ನೂರು ಲೀಟರ್ ಡ್ರಮ್ಮಿನ ತುಂಬ ತೊಯ್ದ ಎರಿ ಮಣ್ಣು 180 ಕಿಲೋ ಆಸುಪಾಸು ತೂಗುತ್ತದೆ, ಗಿಡ ಬೇರೆ. ಅಂಥ ಹತ್ತು ಡ್ರಮ್ ಒಂದೇ ಸಾಲಿಗೆ ಇಡುವ ಮೊದಲು ನಿಮ್ಮ ಸ್ಲ್ಯಾಬಿನ ಬಗ್ಗೆ ಎಂಜಿನಿಯರ್ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ. ತೊಲೆ, ಕಂಬದ ಮೇಲೆ ಬರುವಂತೆ ಇಡಿ ಅಂತಷ್ಟೇ ನಾನು ಹೇಳಬಲ್ಲೆ.

ಎಲೆ ಹಳದಿಯಾಗುವುದೆಲ್ಲ ಮಣ್ಣಿನ ತಪ್ಪಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಬಹುತೇಕ ಕಬ್ಬಿಣದ ಕೊರತೆ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣಕಲ್ಲು, ಬೋರಿನ ನೀರು ಗಡಸು. ಅದನ್ನೇ ವರ್ಷಗಟ್ಟಲೆ ಸುರಿದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಲಿಂಬಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಆದಷ್ಟು ಮಳೆನೀರು ಹಿಡಿದಿಟ್ಟು ಹಾಕಿ.

ಈಗಾಗಲೇ ತುಂಬಿಟ್ಟವರು ಗಾಬರಿಯಾಗಿ ನಾಳೆಯೇ ಡ್ರಮ್ ಬೋರಲು ಹಾಕಬೇಡಿ. ಬೇಸಿಗೆಯಲ್ಲಿ ಬೇರು ಮುಟ್ಟಿದರೆ ಗಿಡ ಉಳಿಯುವುದು ಅನುಮಾನ. ಸದ್ಯ ಅರ್ಧ ನೆರಳಿನ ಜಾಳಿಗೆ ಕಟ್ಟಿ, ಕುಂಡದ ಹೊರಮೈಗೆ ಸುಣ್ಣ ಬಳಿಯಿರಿ. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಗೋಡೆಯಂಚಿನ ಸಂದಿಗೆ ಒಣ ಗೊಬ್ಬರ ತುರುಕಿ. ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ಗಿಡ ಎತ್ತಿ, ಹೊರಗಿನ ಮೂರನೇ ಒಂದು ಪಾಲು ಮಣ್ಣು ಉದುರಿಸಿ, ಕಪ್ಪಾದ ಮೆತ್ತಗಿನ ಬೇರು ಕತ್ತರಿಸಿ, ಕೊಂಬೆಗಳನ್ನೂ ಅಷ್ಟೇ ಸವರಿ, ಹೊಸ ಮಣ್ಣಿಗೆ ಇಳಿಸಿ, ಹದಿನೈದು ದಿನ ನೆರಳಲ್ಲಿಡಿ. ಒಳಗಿನ ಉಳಿದ ಎರಿ ಮಣ್ಣನ್ನು ಮುಂದಿನ ವರ್ಷ ನೋಡೋಣ, ಒಮ್ಮೆಲೇ ಬೇರು ತೊಳೆಯುವ ಸಾಹಸ ಬೇಡ.

ಹೊಲದ ಮಣ್ಣು ಬಿಡಲು ಮನಸ್ಸೇ ಬರುವುದಿಲ್ಲ ಅನ್ನುವವರಿದ್ದಾರೆ. ಊರು ಬಿಟ್ಟು ಬಂದವರ ಸಂಕಟ ಅದು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಹತ್ತು ಪುಟ್ಟಿ ಮಿಶ್ರಣಕ್ಕೆ ಒಂದು ಪುಟ್ಟಿ ಎರಿ ಮಣ್ಣು ಪುಡಿಮಾಡಿ ಬೆರೆಸಿ, ಅಷ್ಟಾದರೆ ಗೊಬ್ಬರದ ಸತ್ವ ಹಿಡಿದಿಡಲು ಒಳ್ಳೆಯದೇ. ಅಕ್ಕಾರೂ ಕೊನೆಗೆ ಇದಕ್ಕೇ ಒಪ್ಪಿದರು. ಆದರೆ ಮೊನ್ನೆ ಹೋಗಿ ನೋಡಿದರೆ ಅವರ ಪುಟ್ಟಿ ನನ್ನ ಪುಟ್ಟಿಗಿಂತ ಎರಡು ಪಟ್ಟು ದೊಡ್ಡದಿತ್ತು.