ಮರ ನೋಡಿ ಮರುಳಾಗುವವರಿಗೆ

ಹೊಸ ಕೋವಿ ತಂದವರು ಅದನ್ನು ನನ್ನ ಬೆಂಚಿನ ಮೇಲಿಟ್ಟ ಕೂಡಲೇ ತೋರಿಸುವುದು ಮರವನ್ನು. 'ವಾಲ್‌ನಟ್ ಸರ್, ಗೆರೆ ನೋಡಿ ಹೇಗಿದೆ!' ಆಮೇಲೆ ರಿಸೀವರ್ ಮೇಲೆ, ಅಂದರೆ ಕೋವಿಯ ಭಾಗಗಳೆಲ್ಲ ಕೂರುವ ಉಕ್ಕಿನ ಮೈ ಮೇಲೆ, ಕೊರೆದಿರುವ ಹೆಸರು ತೋರಿಸುತ್ತಾರೆ. ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: 'ಇದು ಫೋರ್ಜಿಂಗಾ, ಕಾಸ್ಟಿಂಗಾ?' ಅಂದರೆ ಉಕ್ಕು ಬಡಿದು ಮಾಡಿದ್ದೋ, ಎರಕ ಹೊಯ್ದದ್ದೋ ಅಂತ. ಇಷ್ಟಕ್ಕೆ ಪರೀಕ್ಷೆ ಮುಗಿಯಿತು ಅಂತ ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಅದಿನ್ನೂ ಶುರುವೇ ಆಗಿಲ್ಲ. ಹೇಳಿ ಹೇಳಿ ಬಾಯಿ ಸೋತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಟೂಲ್‌ರೂಮಿನಲ್ಲಿ ಕೆಲಸ ಕಲಿತವನು. ಈಗ ಅಮೆರಿಕದ ಒಹಾಯೊದಲ್ಲಿ ಕೋವಿ ರಿಪೇರಿ ಮಾಡುತ್ತೇನೆ. ಇಲ್ಲಿ ಹಳೆಯ ಮಿಲಿಟರಿ ಕೋವಿಗಳಿಗೆ ವಿಪರೀತ ಪ್ರೀತಿ. ಅಸಲಿ ಸಿಗುವುದು ಕಡಿಮೆ, ಸಿಕ್ಕರೂ ಬೆಲೆ ಜಾಸ್ತಿ. ಹಾಗಾಗಿ ಎಂ1 ಕಾರ್ಬೈನ್ ಅನ್ನುವ ಗಿಡ್ಡ ರೈಫಲ್, ಅಮೆರಿಕದ ಸೈನ್ಯದ ಎಂ14 ರೈಫಲ್, ರಷ್ಯದ ಎಕೆ ಇವನ್ನೆಲ್ಲ ಅದೇ ರೂಪದಲ್ಲಿ ಹೊಸದಾಗಿ ಮಾಡಿ ಮಾರುವ ಕಂಪನಿಗಳಿವೆ. ಇವುಗಳಲ್ಲಿ ಒಳ್ಳೆಯವು ಇವೆ, ಕೆಟ್ಟವೂ ಇವೆ. ಒಂದೇ ಕಂಪನಿಯಲ್ಲಿ ಒಂದೇ ವರ್ಷ ಮಾಡಿದ ಎರಡು ಕೋವಿಗಳ ನಡುವೆಯೂ ಅಜಗಜಾಂತರ ಇರುವುದನ್ನು ಕಂಡಿದ್ದೇನೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂದರೆ ಮ್ಯಾಸಚೂಸೆಟ್ಸ್‌ನಲ್ಲಿದ್ದ ಸರ್ಕಾರಿ ಕಾರ್ಖಾನೆ. ಜಾನ್ ಗ್ಯಾರಂಡ್ ತನ್ನ ಎಂ1 ರೈಫಲನ್ನು ರೂಪಿಸಿದ್ದು ಅಲ್ಲೇ. 1968ರಲ್ಲಿ ಸರ್ಕಾರ ಅದನ್ನು ಮುಚ್ಚಿತು, ಈಗ ಅದು ಮ್ಯೂಸಿಯಂ. ಇವತ್ತು ಅದೇ ಹೆಸರಿನಲ್ಲಿ ಕೋವಿ ಮಾರುವುದು 1974ರಲ್ಲಿ ಶುರುವಾದ, ಇಲಿನಾಯ್‌ನಲ್ಲಿರುವ ಖಾಸಗಿ ಕಂಪನಿ. ಇದರಲ್ಲಿ ಗುಟ್ಟೇನಿಲ್ಲ, ಮೋಸವೂ ಇಲ್ಲ. ಆದರೂ 'ಸೈನ್ಯಕ್ಕೆ ಮಾಡುತ್ತಿದ್ದ ಅದೇ ಫ್ಯಾಕ್ಟರಿಯದು ಸರ್' ಅಂತ ನನಗೇ ಪಾಠ ಹೇಳುವವರಿದ್ದಾರೆ. ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಜೊತೆ ಇನ್‌ಸ್ಪೆಕ್ಟರುಗಳು ಬರುವುದಿಲ್ಲ, ಅಲ್ವಾ?

ಹಿಂದಿನ ಕಾಲದ ಗುಣಮಟ್ಟ ನಿಂತಿದ್ದದ್ದು ಆ ಇನ್‌ಸ್ಪೆಕ್ಟರುಗಳ ಮೇಲೆ, ಅಳತೆ ಸರಿಯಿದೆಯೇ ಅಂತ ಹಾಕಿ ನೋಡುವ ಅವರ ಗೇಜುಗಳ ಮೇಲೆ. ಎರಡನೇ ಮಹಾಯುದ್ಧದಲ್ಲಿ ಎಂ1 ಕಾರ್ಬೈನ್ ಮಾಡಿದವರು ಯಾರು ಗೊತ್ತಾ? ಹಾಡು ಹಾಕುವ ಜೂಕ್‌ಬಾಕ್ಸ್ ಮಾಡುತ್ತಿದ್ದ ರಾಕ್-ಓಲಾ. ಟೈಪ್‌ರೈಟರ್ ಮಾಡುತ್ತಿದ್ದ ಅಂಡರ್‌ವುಡ್. ನಮ್ಮ ಎಷ್ಟೋ ಹುಡುಗರು ಬೆಂಗಳೂರಿನಲ್ಲಿ ಕೆಲಸ ಮಾಡುವ ಅದೇ ಐಬಿಎಂ. ಎಲ್ಲರಿಗಿಂತ ಜಾಸ್ತಿ ಮಾಡಿದ್ದು ಇಲ್ಲೇ ಒಹಾಯೊದ ಡೇಟನ್‌ನಲ್ಲಿದ್ದ ಜನರಲ್ ಮೋಟರ್ಸ್‌ನ ಇನ್‌ಲ್ಯಾಂಡ್ ವಿಭಾಗ. ಎಲ್ಲ ಸೇರಿ 60 ಲಕ್ಷಕ್ಕೂ ಹೆಚ್ಚು ಕಾರ್ಬೈನ್ ಮಾಡಿದರು. ರಾಕ್-ಓಲಾದ ಬೋಲ್ಟನ್ನು (ಗುಂಡಿನ ಹಿಂಬದಿ ಮುಚ್ಚುವ ಭಾಗ) ಐಬಿಎಂ ಕಾರ್ಬೈನಿಗೆ ಹಾಕಿದರೆ ಕೂರುತ್ತದೆ. ಬಿಡಿಭಾಗ ಯಾರದೇ ಇರಲಿ, ಒಂದೇ ನಕ್ಷೆ, ಒಂದೇ ಗೇಜು. ಅಳತೆ ತಪ್ಪಿದ್ದು ಗುಜರಿಗೆ ಹೋಗುತ್ತಿತ್ತು. ಹೊಸ ಕಾರ್ಬೈನ್ ನನ್ನ ಕೈಗೆ ಬಂದಾಗ ನಾನು ಮಾಡುವ ಮೊದಲ ಕೆಲಸವೂ ಅದೇ. ಡ್ರಾಯರ್‌ನಲ್ಲಿರುವ ಯುದ್ಧಕಾಲದ ಬಿಡಿಭಾಗಗಳನ್ನು ಒಂದೊಂದಾಗಿ ಹಾಕಿ ನೋಡುತ್ತೇನೆ. ಅರ ಮುಟ್ಟಿಸದೆ ಕೂತರೆ, ನಕ್ಷೆಗೆ ನಿಷ್ಠೆಯಿಂದ ಮಾಡಿದ್ದಾರೆ ಅಂತ ಅರ್ಥ. ಕೂರದಿದ್ದರೆ ಕೋವಿ ಕೆಟ್ಟದ್ದು ಅಂತಲ್ಲ. ಆದರೆ ಮುಂದೆ ಬಿಡಿಭಾಗಕ್ಕೆ ನೀವು ಆ ಕಂಪನಿಯ ಬಾಗಿಲಲ್ಲೇ ನಿಲ್ಲಬೇಕು.

ಇನ್ನು ಫೋರ್ಜಿಂಗಾ, ಕಾಸ್ಟಿಂಗಾ ಅನ್ನುವ ಪ್ರಶ್ನೆ. ಬಡಿದು ಮಾಡಿದ ಉಕ್ಕು ಎರಕದ ಉಕ್ಕಿಗಿಂತ ಗಟ್ಟಿ ಅನ್ನುವ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸೈನ್ಯದ ಎಂ14 ರಿಸೀವರ್ 8620 ಅನ್ನುವ ಉಕ್ಕನ್ನು ಬಡಿದು ಮಾಡಿದ್ದು. ಅದೇ ರೂಪದಲ್ಲಿ ಇವತ್ತಿನ ಸ್ಪ್ರಿಂಗ್‌ಫೀಲ್ಡ್ ಕಂಪನಿ ಮಾರುವ ಎಂ1ಎಯ ರಿಸೀವರ್ ಅದೇ 8620 ಉಕ್ಕಿನ ಎರಕ. ಆ ಎರಕದ ರಿಸೀವರ್‌ಗಳಲ್ಲಿ ದಶಕಗಟ್ಟಲೆ ಗುಂಡು ಹಾರಿಸಿದವರಿದ್ದಾರೆ, ಏನೂ ಆಗಿಲ್ಲ. ರೂಗರ್ ಕಂಪನಿಯಂತೂ ಎರಕದ ರಿಸೀವರ್‌ನಲ್ಲೇ ಹೆಸರು ಮಾಡಿದ್ದು. ಎಕೆಯಲ್ಲಿ ಮಾತ್ರ ಈ ಪ್ರಶ್ನೆಗೆ ತೂಕ ಜಾಸ್ತಿ. ಅಲ್ಲೂ ಜನ ತಪ್ಪು ಜಾಗಕ್ಕೆ ಕೇಳುತ್ತಾರೆ. ಎಕೆಯ ಸುಧಾರಿಸಿದ ರೂಪವಾದ 1959ರ ಎಕೆಎಂನ ರಿಸೀವರ್ ಬರೀ ಮಡಚಿದ ತಗಡು. ಹೊಡೆತ ತಿನ್ನುವುದು ಒಳಗೆ ರಿವೆಟ್ ಹೊಡೆದು ಕೂರಿಸಿರುವ ಮುಂದಿನ ಟ್ರನಿಯನ್, ಅಂದರೆ ನಳಿಗೆ ಹಿಡಿದಿಡುವ ಉಕ್ಕಿನ ತುಂಡು. ಕೇಳುವುದಾದರೆ ಅದರ ಬಗ್ಗೆ ಕೇಳಿ.

ಬಡಿದಿರಲಿ, ಎರಕ ಹೊಯ್ದಿರಲಿ, ಆಮೇಲೆ ಅದನ್ನು ಕಾಯಿಸಿ ತಣಿಸಿ ಹದ ಕೊಟ್ಟವರು ಯಾರು, ಹೇಗೆ ಕೊಟ್ಟರು? ಇದನ್ನು ಯಾರೂ ಕೇಳುವುದಿಲ್ಲ. ಯಾಕೆಂದರೆ ಹದ ಕಣ್ಣಿಗೆ ಕಾಣುವುದಿಲ್ಲ.

ಅಸಲಿ ಅಂದರೆ ಕಣ್ಮುಚ್ಚಿ ನಂಬುವವರಿಗೆ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನ ಕಥೆ ಹೇಳುತ್ತೇನೆ. ಖಾಸಗಿ ಕಂಪನಿಯದಲ್ಲ, ಅದೇ ಸರ್ಕಾರಿ ಕಾರ್ಖಾನೆಯದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಕೆಲವು ರೈಫಲ್‌ಗಳ ರಿಸೀವರ್ ಸಿಡಿಯತೊಡಗಿದವು. ಹುಡುಕಿದಾಗ ಉಕ್ಕಿನಲ್ಲಿ ತಪ್ಪಿರಲಿಲ್ಲ, ನಕ್ಷೆಯಲ್ಲೂ ಇರಲಿಲ್ಲ. ಕುಲುಮೆಯ ಮುಂದೆ ನಿಂತ ನುರಿತ ಕೆಲಸಗಾರರು ಉಕ್ಕು ಎಷ್ಟು ಕಾದಿದೆ ಅಂತ ಬಣ್ಣ ನೋಡಿ ಹೇಳುತ್ತಿದ್ದರು. ನಮ್ಮೂರ ಕಮ್ಮಾರ ಮಚ್ಚಿಗೆ ಹದ ನೋಡುವ ಹಾಗೇ. ಮಚ್ಚಿಗೆ ಅದು ಸಾಕು, ರೈಫಲ್‌ಗೆ ಸಾಲದು. ಒಳ್ಳೆ ಬಿಸಿಲಿದ್ದ ದಿನ ಕೆಂಡದ ಬಣ್ಣ ಮಂಕಾಗಿ ಕಾಣುತ್ತದೆ. ಇನ್ನೂ ಕಾದಿಲ್ಲ ಅಂತ ಮತ್ತಷ್ಟು ಕಾಯಿಸುತ್ತಾರೆ. ಮೋಡದ ದಿನಕ್ಕೂ ಬಿಸಿಲಿನ ದಿನಕ್ಕೂ 300 ಡಿಗ್ರಿ ಫ್ಯಾರನ್‌ಹೀಟ್ ತನಕ ವ್ಯತ್ಯಾಸ ಬರುತ್ತಿತ್ತು. ಜಾಸ್ತಿ ಕಾದ ಉಕ್ಕು ಒಳಗೇ ಸುಟ್ಟು ಪೆಡಸಾಯಿತು. ಅಂಥ ರಿಸೀವರ್ ಸುತ್ತಿಗೆ ಏಟಿಗೆ ಚೂರಾಗುತ್ತದೆ. ಆಮೇಲೆ ಉಷ್ಣ ಅಳೆಯುವ ಪೈರೋಮೀಟರ್ ಬಂತು, ಹದ ಕೊಡುವ ವಿಧಾನವೂ ಬದಲಾಯಿತು. ಇವತ್ತಿಗೂ ಸ್ಪ್ರಿಂಗ್‌ಫೀಲ್ಡ್‌ನ 8,00,000ಕ್ಕಿಂತ ಕೆಳಗಿನ ನಂಬರಿನದ್ದು, ಇನ್ನೊಂದು ಸರ್ಕಾರಿ ಕಾರ್ಖಾನೆಯಾದ ರಾಕ್ ಐಲೆಂಡ್‌ನ 2,85,507ಕ್ಕಿಂತ ಕೆಳಗಿನದ್ದು ಬಂದರೆ ನಾನು ಗುಂಡು ಹಾರಿಸಲು ಸಿದ್ಧಮಾಡಿ ಕೊಡುವುದಿಲ್ಲ. ಅವು ಗೋಡೆಗೆ ಚೆಂದ. ಅವುಗಳಲ್ಲಿ ಬಹಳಷ್ಟು ಒಂದು ಜನ್ಮವಿಡೀ ಸಿಡಿಯದೆ ದುಡಿದಿವೆ, ಅದು ನಿಜ. ಆದರೆ ಕಪಾಟಿನಲ್ಲಿರುವುದು ಯಾವ ದಿನದ್ದು, ಬಿಸಿಲಿನದ್ದೋ ಮೋಡದ್ದೋ ಅಂತ ಯಾರು ಹೇಳಬೇಕು?

ಹದ ಕಾಣುವುದಿಲ್ಲ ಅಂದ ಮೇಲೆ ಹೊಸ ಕೋವಿ ಕೊಂಡವರು ಏನು ಮಾಡಬೇಕು? ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹೆಡ್‌ಸ್ಪೇಸ್ ಎಲ್ಲರಿಗೂ ಗೊತ್ತು: ನಳಿಗೆಯಲ್ಲಿ ಗುಂಡು ಕೂರುವ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ಮುಚ್ಚಿದ ಬೋಲ್ಟಿನ ಮುಖಕ್ಕೂ ನಡುವಿನ ಅಂತರ. ಗೋ ಗೇಜು ಹಾಕಿದರೆ ಬೋಲ್ಟ್ ಮುಚ್ಚಬೇಕು, ನೋ-ಗೋ ಹಾಕಿದರೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಇಂಚಿನ ಸಾವಿರದ ಕೆಲವು ಭಾಗ, ನಮ್ಮ ಭಾಷೆಯಲ್ಲಿ ಕೆಲವು ಥೌ. ಗಿರಾಕಿ ಗೇಜು ಹಾಕಿಸುತ್ತಾನೆ, 'ಪಾಸ್' ಅಂತ ಕೇಳಿಸಿಕೊಳ್ಳುತ್ತಾನೆ, ಖುಷಿಯಾಗಿ ಮನೆಗೆ ಹೋಗುತ್ತಾನೆ. ಮತ್ತೆ ಬರುವುದಿಲ್ಲ. ಅಯ್ಯಾ, ಮೊದಲ ದಿನದ ಪಾಸ್‌ನಿಂದ ಗೊತ್ತಾಗುವುದು ಒಂದೇ: ಫ್ಯಾಕ್ಟರಿಯಲ್ಲಿ ಜೋಡಿಸಿದವನು ಅಳತೆ ಸರಿಯಾಗಿ ಇಟ್ಟಿದ್ದಾನೆ. ಉಕ್ಕಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬೆಣ್ಣೆಯಂಥ ಕಬ್ಬಿಣದಲ್ಲಿ ಕೋವಿ ಮಾಡಿದರೂ ಮೊದಲ ದಿನ ಅದು ಪಾಸ್.

ಉಕ್ಕಿನ ಬಣ್ಣ ಬಯಲಾಗುವುದು ಹಾರಿಸಿದ ಮೇಲೆ. ಕಾರ್ಬೈನ್ ಸಣ್ಣ ಕೋವಿ ಅಂತೀರಿ. ಅದರ ಕಾಟ್ರಿಡ್ಜ್‌ನ ಒಪ್ಪಿತ ಒತ್ತಡದ ಮಿತಿಯೇ ಚದರ ಇಂಚಿಗೆ 40,000 ಪೌಂಡ್. ಪ್ರತಿ ಗುಂಡಿಗೂ ಬೋಲ್ಟನ್ನು ಬಿಗಿದು ಹಿಡಿಯುವ ಎರಡು ಉಬ್ಬುಗಳು, ಅಂದರೆ ಲಗ್‌ಗಳು, ರಿಸೀವರ್‌ನ ಗೋಡೆಗೆ ಗುದ್ದುತ್ತವೆ. ಹದ ಸರಿಯಿದ್ದರೆ ಗೋಡೆ ತಡೆಯುತ್ತದೆ. ಮೆದುವಾಗಿದ್ದರೆ ಕೂದಲೆಳೆಯಷ್ಟು ಹಿಂದಕ್ಕೆ ಜಗ್ಗುತ್ತದೆ. ಮುಂದಿನ ಗುಂಡಿಗೆ ಇನ್ನಷ್ಟು. ಹೆಡ್‌ಸ್ಪೇಸ್ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದ ನೀವು ಕೇಳಬೇಕಾದ್ದು ಪಾಸಾ, ಫೇಲಾ ಅಂತಲ್ಲ. ಇವತ್ತು ಎಷ್ಟು, 500 ಗುಂಡಾದ ಮೇಲೆ ಎಷ್ಟು, ಸಾವಿರವಾದ ಮೇಲೆ ಎಷ್ಟು? ಒಂದೊಂದೇ ಥೌ ಏರುವ ಗೇಜುಗಳ ಸೆಟ್ಟಿನಿಂದ ಅಳೆದು ಬರೆದಿಡಬೇಕು. ಶುರುವಿನಲ್ಲಿ ಲಗ್ ಕೂತುಕೊಳ್ಳುವಾಗ ಒಂದು ಥೌ ಕದಲಬಹುದು, ಹೆದರಬೇಡಿ. ಆಮೇಲೆ ನಿಲ್ಲಬೇಕು. ನಿಲ್ಲದಿದ್ದರೆ, ನೋ-ಗೋ ಮೇಲೆ ಬೋಲ್ಟ್ ಇನ್ನೂ ಮುಚ್ಚದೆ ಪಾಸಾಗುತ್ತಿದ್ದರೂ ಹಾರಿಸುವುದು ಬಿಟ್ಟು ಕಂಪನಿಗೆ ವಾಪಸ್ ಕಳಿಸಿ.

ಅಳೆಯುವುದಕ್ಕೂ ಒಂದು ಕ್ರಮ ಇದೆ. ಬೋಲ್ಟ್ ಬಿಚ್ಚಿ, ಖಾಲಿ ತೋಟಾ ಎಳೆಯುವ ಎಕ್ಸ್‌ಟ್ರ್ಯಾಕ್ಟರ್, ಅದನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್ ಎರಡನ್ನೂ ತೆಗೆಯುತ್ತೇನೆ. ಎಜೆಕ್ಟರ್ ಸ್ಪ್ರಿಂಗ್ ಗೇಜನ್ನು ತಳ್ಳುತ್ತಿದ್ದರೆ ಕೈಗೆ ಸುಳ್ಳು ಹೇಳುತ್ತದೆ. ಚೇಂಬರ್ ಒರೆಸಿ, ಗೇಜು ಇಟ್ಟು, ಬೋಲ್ಟನ್ನು ಒಂದೇ ಬೆರಳಿನಲ್ಲಿ ಮುಚ್ಚುತ್ತೇನೆ. ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ಜೋರು ಮಾಡಿದರೆ ನೋ-ಗೋ ಮೇಲೂ ಮುಚ್ಚಿಬಿಡುತ್ತದೆ, ಗೇಜೂ ಹಾಳು. ಆಮೇಲೆ ಲಗ್‌ಗಳ ಹಿಂಬದಿಗೆ ಪ್ರಷ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ತೆಳ್ಳಗೆ ಸವರಿ, ಬೋಲ್ಟನ್ನು ಹಿಂದಕ್ಕೆ ಒತ್ತಿ ಹಿಡಿದು ಕೆಲವು ಸಲ ತೆರೆದು ಮುಚ್ಚಿದರೆ ನೀಲಿ ಎಲ್ಲಿ ಅಳಿಸಿದೆ ಅಂತ ಕಾಣುತ್ತದೆ. ಎರಡೂ ಲಗ್‌ನಲ್ಲಿ ಅಳಿಸಿರಬೇಕು. ಒಂದೇ ಲಗ್ ಭಾರ ಹೊರುತ್ತಿರುವ ಹೊಸ ಕೋವಿಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಅವುಗಳ ಮರ ಮಾತ್ರ ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ.

ಒಂದು ಎಚ್ಚರಿಕೆ. ಗೇಜು ಮೆದು ಉಕ್ಕನ್ನು ಹಿಡಿಯುತ್ತದೆ, ಪೆಡಸು ಉಕ್ಕನ್ನು ಹಿಡಿಯುವುದಿಲ್ಲ. ಪೆಡಸಾದದ್ದು ಜಗ್ಗುವುದಿಲ್ಲ, ಒಡೆಯುತ್ತದೆ. ಕಣ್ಣಿಗೆ ಕಾಣದ ಬಿರುಕಿಗೆ ಅಯಸ್ಕಾಂತ ಪುಡಿಯ ಪರೀಕ್ಷೆ ಬೇಕು, ಅದು ಲ್ಯಾಬಿನ ಕೆಲಸ. ಹಾಗಾಗಿ ನಾನು ಕೊಡುವ ಚೀಟಿಯಲ್ಲಿ 'ಇಂಥ ದಿನ ಇಂಥ ಅಳತೆ' ಅಂತಷ್ಟೇ ಇರುತ್ತದೆ. 'ಸುರಕ್ಷಿತ' ಅನ್ನುವ ಪದ ಇರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಗಿರಾಕಿಗಳಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದಾರೆ. ಅವರ ಹೊಸ ಕಾರ್ಬೈನ್ ನೋಡಲು ಏನೂ ಚೆಂದವಿಲ್ಲ. ಮರದ ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತಿಳಿ. ರಿಸೀವರ್ ಮೇಲೆ ಕಟ್ಟರ್ ಗೀರಿದ ಗುರುತು ಹಾಗೇ ಇದೆ. ಅಂಗಡಿಯವರು ರಿಯಾಯಿತಿ ಕೊಟ್ಟು ದಾಟಿಸಿದ್ದಂತೆ. ಆದರೆ ಆ ಮನುಷ್ಯನ ಹತ್ತಿರ ಒಂದು ಪಾಕೆಟ್ ನೋಟ್‌ಬುಕ್ ಇದೆ. ಹಾರಿಸಿದ ಪ್ರತಿ ಡಬ್ಬಿ ಗುಂಡೂ ಅದರಲ್ಲಿದೆ. 500 ತುಂಬಿದ ತಕ್ಷಣ ಬಂದು ನಿಲ್ಲುತ್ತಾರೆ, ನಾನು ಅಳೆದದ್ದನ್ನು ಬರೆದುಕೊಂಡು ಹೋಗುತ್ತಾರೆ. ಆ ಅಂಕಿ ವರ್ಷಗಳಿಂದ ಕದಲಿಲ್ಲ. ಅದನ್ನು ಮಾಡಿದ ಕಂಪನಿಯವರಿಗೂ ಆ ಕೋವಿಯ ಬಗ್ಗೆ ಇಷ್ಟು ಗೊತ್ತಿರಲಾರದು. ಅಂಥವರಿಗೆ ನಾನು ಕೂಲಿ ಕೇಳಲು ಸಂಕೋಚಪಡುತ್ತೇನೆ, ಅವರು ಬಿಡುವುದಿಲ್ಲ.

ಇನ್ನೊಬ್ಬ ನಮ್ಮ ಕಡೆಯ ಹುಡುಗ, ಸಾಫ್ಟ್‌ವೇರ್‌ನವನು, ಬಲು ಒಳ್ಳೆಯವನು. ಯಾವುದೋ ವಿಡಿಯೊ ನೋಡಿ, ಹದ ಪರೀಕ್ಷೆ ಮಾಡುತ್ತೇನೆ ಅಂತ ಹೊಸ ರಿಸೀವರ್ ಒಳಗೆ, ಲಗ್ ಕೂರುವ ಜಾಗಕ್ಕೇ ಅರ ಹಾಕಿದ್ದಾನೆ. 'ಅಂಕಲ್, ಫೈಲ್ ಜಾರ್ತು, ಅಂದ್ರೆ ಗಟ್ಟಿ ಅಲ್ವಾ?' ಗಟ್ಟಿ ಇತ್ತಪ್ಪಾ. 8620ನಂಥ ಉಕ್ಕಿಗೆ ಮೇಲ್ಪದರಕ್ಕೆ ಮಾತ್ರ ಇಂಗಾಲ ಉಣ್ಣಿಸಿ ಗಟ್ಟಿ ಮಾಡಿರುತ್ತಾರೆ. ಒಳಗೆ ಮೆದು ಇರಬೇಕು, ಹೊಡೆತ ನುಂಗಲು. ಆ ಗಟ್ಟಿ ಪದರ ಬಹಳ ತೆಳು. ಜಾರಿತು ಅಂತ ಬಿಡದೆ ಉಜ್ಜುತ್ತಾ ಹೋದರೆ ಅದೇ ಸವೆದುಹೋಗುತ್ತದೆ. ದಯವಿಟ್ಟು ಅರ ಮುಟ್ಟಬೇಡಿ.

ಊರಿನಿಂದ ಫೋನ್ ಮಾಡುವವರು ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ ರೈಫಲ್ ಬಗ್ಗೆ ಕೇಳುತ್ತಾರೆ. ನಮ್ಮ ಪೊಲೀಸರ ಹೆಗಲ ಮೇಲಿದ್ದ ತ್ರೀ-ನಾಟ್-ತ್ರೀ ಎಲ್ಲರಿಗೂ ನೆನಪಿದೆ. ಅದೇ ಲೀ-ಎನ್‌ಫೀಲ್ಡ್ ರೂಪದಲ್ಲಿ 1960ರ ದಶಕದಲ್ಲಿ ಇಷಾಪುರದವರು 7.62 ಗುಂಡಿಗೆ 2ಎ, ಆಮೇಲೆ 2ಎ1 ಅಂತ ಮಾಡಿದರು. ಇಲ್ಲಿಯ ಮಾರುಕಟ್ಟೆಗೂ ಬಂದಿವೆ. ಹಳೆ ತ್ರೀ-ನಾಟ್-ತ್ರೀಗೆ ನಳಿಗೆ ಬದಲಿಸಿದ್ದು ಅಂತ ಇಲ್ಲಿ ಎಷ್ಟೋ ಜನ ನಂಬಿದ್ದಾರೆ. ಅಲ್ಲ, ಹೊಸದಾಗಿಯೇ ಮಾಡಿದ್ದು, ಹೊಸ ಗುಂಡಿನ ಒತ್ತಡಕ್ಕೆ ತಕ್ಕ ಗಟ್ಟಿ ಉಕ್ಕಿನಲ್ಲಿ. ರೂಪ ಹಳೆಯದಾದರೂ ಲೆಕ್ಕ ಹೊಸದಾಗಿ ಹಾಕಿದರು. ಹೀಗೆ ಮಾಡಿದ ಕೋವಿ ನನಗೆ ಇಷ್ಟ. ಅದರ ಮರವೇನೂ ಚೆಂದವಿಲ್ಲ, ಬಿಡಿ.

ಅಮೆರಿಕದಲ್ಲಿ ಕೋವಿ ಮಾರುವ ಮುಂಚೆ ಸರ್ಕಾರದ ಪ್ರೂಫ್ ಪರೀಕ್ಷೆ (ಮಾಮೂಲಿಗಿಂತ ಹೆಚ್ಚು ಒತ್ತಡದ ಗುಂಡು ಹಾರಿಸಿ ನೋಡುವುದು) ಆಗಲೇಬೇಕು ಅನ್ನುವ ಕಾನೂನಿಲ್ಲ. ಪರೀಕ್ಷೆ ಕಂಪನಿಗೆ ಬಿಟ್ಟದ್ದು. ಇಟಲಿ, ಜರ್ಮನಿಯಲ್ಲಿ ಹಾಗಲ್ಲ. ಇಟಲಿಯ ಕೋವಿಯ ಮೇಲೆ ಪ್ರೂಫ್ ಹೌಸಿನ ಮುದ್ರೆ ಇರುತ್ತದೆ, ಪಕ್ಕದ ಚಿಕ್ಕ ಚೌಕದಲ್ಲಿ ವರ್ಷ ಸೂಚಿಸುವ ಎರಡಕ್ಷರ ಇರುತ್ತದೆ. ಅಂಥ ಮುದ್ರೆ ಕಂಡರೆ ನನಗೆ ಸ್ವಲ್ಪ ಸಮಾಧಾನ. ಸ್ವಲ್ಪ ಮಾತ್ರ, ಯಾಕೆಂದರೆ ಪ್ರೂಫ್ ಕೂಡ ಮೊದಲ ದಿನದ ಮಾತೇ.

ವಾಟ್ಸಾಪಿನಲ್ಲಿ ಫೋಟೋ ಕಳಿಸಿ 'ಹೇಗಿದೆ ಸರ್' ಅಂತ ಕೇಳುವವರಿಗೆ ಉತ್ತರ ಬರೆಯುವುದನ್ನು ಬಿಟ್ಟಿದ್ದೇನೆ. ಕೋವಿಯನ್ನೇ ತನ್ನಿ. ಬರುವಾಗ ಹಾರಿಸಿದ ಖಾಲಿ ತೋಟಾಗಳನ್ನು ತೊಳೆಯದೆ, ಉಜ್ಜದೆ, ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಗ್ಯಾರಂಡ್, ಲೀ-ಎನ್‌ಫೀಲ್ಡ್ ತೋಟಾದ ಬುಡದ ಹತ್ತಿರ ಹೊಳೆಯುವ ಉಂಗುರ ಮೂಡಿದ್ದರೆ ಹಿತ್ತಾಳೆ ಹಿಗ್ಗುತ್ತಿದೆ ಅಂತ ಗೇಜು ಹಾಕುವ ಮೊದಲೇ ಗೊತ್ತಾಗುತ್ತದೆ. ಕಾರ್ಬೈನ್ ಆದರೆ ನಳಿಗೆಯ ಕೆಳಗೆ ಗ್ಯಾಸ್ ಪಿಸ್ಟನ್ ಹಿಡಿದಿಡುವ ನಟ್‌ಗೆ ಪಂಚ್ ಹೊಡೆದು ಕಚ್ಚಿಸಿದ್ದಾರೋ ಇಲ್ಲವೋ ಅಂತ ನೀವೇ ನೋಡಿಕೊಳ್ಳಬಹುದು, ಬಿಟ್ಟಿದ್ದರೆ ಬಳಸುತ್ತಾ ಸಡಿಲವಾಗುತ್ತದೆ. ಗುಂಡು ಸಿಕ್ಕಿಕೊಳ್ಳುತ್ತದೆ ಅನ್ನುವ ದೂರಾದರೆ ಸಿಕ್ಕಿಕೊಂಡ ಮ್ಯಾಗಜೀನನ್ನೇ ತನ್ನಿ. ಬಹುಪಾಲು ದೂರುಗಳಲ್ಲಿ ತಪ್ಪು ಅಗ್ಗದ ಮ್ಯಾಗಜೀನಿನದ್ದು. ಜನ ಅದನ್ನು ಮನೆಯಲ್ಲಿ ಬಿಟ್ಟು, ಚೆನ್ನಾಗಿ ಕೆಲಸ ಮಾಡುವ ಇನ್ನೊಂದನ್ನು ಹಾಕಿಕೊಂಡು ಬರುತ್ತಾರೆ.